ಮುಟ್ಟಿದ ಕುದುರೆ

ವಾಚನಾಲಯದ ಮಹಡಿಯ ಕೊಠಡಿಯಲ್ಲಿ, ಊರಿನ ಚದುರಂಗ ತಂಡದ ಕೊನೆಯ ಸ್ಥಾನಕ್ಕಾಗಿ ದರ್ಜಿಯಕ್ಕನೂ ವಕೀಲರೂ ಎದುರುಬದುರಾಗಿ ಕುಳಿತಿದ್ದರು. ಹನ್ನೆರಡು ವರ್ಷಗಳಿಂದ ಆ ಸ್ಥಾನ ವಕೀಲರದು. ಆಟ ಸಮವಾದರೂ ಅದು ಅವರಲ್ಲೇ ಉಳಿಯುತ್ತಿತ್ತು. ದರ್ಜಿಯಕ್ಕನಿಗೆ ಗೆಲುವೊಂದೇ ದಾರಿ.

ಆದ್ದರಿಂದ ಆಕೆ ಬಿರುಸಿನ ದಾಳಿಯಿಂದಲೇ ಆಟ ತೆರೆದಿದ್ದಳು. ನಾಲ್ಕನೆಯ ನಡೆಗೇ ಬಿಳಿ ಕುದುರೆ ಎದುರಾಳಿಯ ಕೋಟೆಬಾಗಿಲಿಗೆ ಬಂದು ನಿಂತಿತ್ತು. ಆರನೆಯ ನಡೆಯಲ್ಲಿ ಮಾತ್ರ ಅಳುಕಿದಳು. ಮೊದಲು ತನ್ನ ರಾಜನನ್ನು ಮೂಲೆಗೆ ಸೇರಿಸಿ ಭದ್ರಪಡಿಸೋಣವೆಂದು ಕೈಯೆತ್ತಿದಳು. ಅಷ್ಟರಲ್ಲಿ ಓರೆಯಾಗಿ ನಿಂತ ಕುದುರೆ ಕಣ್ಣಿಗೆ ಬಿತ್ತು. ಮೂವತ್ತು ವರ್ಷ ಬಟ್ಟೆಯ ಸುಕ್ಕು ತೀಡಿ, ಅಂಚು ನೇರ ಮಾಡಿಯೇ ಕತ್ತರಿ ಹಿಡಿದ ಬೆರಳುಗಳು ಓರೆ ಕಂಡು ಸುಮ್ಮನಿರಬಲ್ಲವೇ? ಕುದುರೆಯನ್ನು ಹಿಡಿದು ನೇರಕ್ಕೆ ತಿರುಗಿಸಿಬಿಟ್ಟವು.

"ಮುಟ್ಟಿದ್ರಲ್ಲ ಅಕ್ಕ!" ವಕೀಲರ ಮುಖ ಅರಳಿತು. "ಸರಿಮಾಡ್ತೀನಿ ಅಂತ ಮೊದಲೇ ಹೇಳ್ಬೇಕಿತ್ತು. ಹೇಳ್ದೆ ಮುಟ್ಟಿದ ಕಾಯಿ ನಡೆಸ್ಲೇಬೇಕು. ಏನಂತೀರಿ ಮೇಷ್ಟ್ರೇ?"

ತೀರ್ಪುಗಾರರಾಗಿದ್ದ ಮೇಷ್ಟ್ರು ಕನ್ನಡಕ ಸರಿಪಡಿಸಿಕೊಂಡು, "ನಿಯಮ ನಿಯಮಾನೇ ಕಣಮ್ಮಾ" ಎಂದರು.

"ಇದು ಅಂಗಿ ಅಲ್ಲ ಅಕ್ಕ, ತಪ್ಪಾಯ್ತು ಅಂತ ಬಿಚ್ಚಿ ಹೊಲಿಯೋಕೆ," ವಕೀಲರು ಮತ್ತೆ ಕುಟುಕಿದರು.

"ಹೊಲಿಗೆ ಬಿಚ್ಚಬಹುದು ವಕೀಲರೇ, ಕತ್ತರಿಸಿದ್ದನ್ನ ಕೂಡಿಸೋಕಾಗಲ್ಲ. ಅದು ನನಗೂ ಗೊತ್ತು."

ಕುದುರೆಯನ್ನು ಹಿಂದಕ್ಕೆ ಕರೆದರೆ ಅದರ ಜೀವ ಉಳಿಯುತ್ತದೆ, ದಾಳಿ ಸಾಯುತ್ತದೆ. ಮುಂದೆ ನೆಗೆದು ರಾಜನ ಮಗ್ಗುಲ ಪದಾತಿಯನ್ನು ಕಡಿದರೆ, ರಾಜನೇ ಬಂದು ಅದನ್ನು ಮುಗಿಸುತ್ತಾನೆ. ಆದರೆ ಅರ್ಧಕ್ಕೆ ನಿಂತ ಕತ್ತರಿಯಿಂದ ಬಟ್ಟೆ ಹಾಳೆಂದು ಅಂಗಡಿಯಲ್ಲಿ ಕೆಲಸದವರನ್ನು ದಿನವೂ ಗದರುವವಳು ತಾನೇ ಅಲ್ಲವೇ? ಕುದುರೆ ನೆಗೆಯಿತು; ಪದಾತಿ ಬಿತ್ತು.

ವಕೀಲರು ನಗುತ್ತಲೇ ರಾಜನಿಂದ ಕುದುರೆಯನ್ನು ಹೊಡೆಸಿದರು. ಬಿಳಿಯ ರಾಣಿ ಹೊರಬಂದು, ಚೆಕ್ ಕೊಟ್ಟು, ಅವರ ಕುದುರೆಯ ಮೇಲೂ ಕಣ್ಣು ಹಾಕಿದಳು. ಅದನ್ನು ಕಾಯಲು ರಾಜನೇ ನಡುಬಯಲಿಗೆ ಇಳಿಯಬೇಕಾಯಿತು. ನಗು ಅಲ್ಲಿಗೆ ನಿಂತಿತು. ಇನ್ನೂ ಹತ್ತು ನಡೆಗಳಾದ ಮೇಲೆ ವಕೀಲರು ಹಣೆಯೊರೆಸಿಕೊಂಡರು.

"ಸಮ ಮಾಡ್ಕೊಳ್ಳೋಣ್ವಾ ಅಕ್ಕ?"

"ಅಳತೆ ತಗೊಂಡಾಯ್ತಲ್ಲ ವಕೀಲರೇ, ಈಗ ಬೇಡ ಅಂದ್ರೆ ಹೇಗೆ?"

ಇಪ್ಪತ್ತೆರಡನೆಯ ನಡೆಗೆ ವಕೀಲರು ತಮ್ಮ ರಾಜನನ್ನು ಮಲಗಿಸಿ ಕೈನೀಡಿದರು. "ಮುಂದಿನ ತಿಂಗಳು ಪಂದ್ಯಕ್ಕೆ ನೀವೇ ಹೋಗಿ. ಒಂದು ಮಾತು ಕೇಳ್ಲಾ? ನಾನು ಬಾಯಿ ಮುಚ್ಕೊಂಡಿದ್ದಿದ್ರೆ ಏನ್ ಆಡ್ತಿದ್ರಿ?"

"ರಾಜನ್ನ ಮೂಲೆಗೆ ಸೇರಿಸ್ತಿದ್ದೆ."

"ಕೆಟ್ಟೆ!" ಎಂದು ಅವರು ನಕ್ಕುಬಿಟ್ಟರು, ಮೇಷ್ಟ್ರೂ ನಕ್ಕರು.

ದರ್ಜಿಯಕ್ಕ ಹಲಗೆಯ ಕಡೆಗೆ ಕೈಚಾಚಿ, ಈ ಸಲ ಮರೆಯದೆ, "ಸರಿಮಾಡ್ತೀನಿ" ಎಂದಳು. ಬಿದ್ದಿದ್ದ ರಾಜನನ್ನು ಎತ್ತಿ ನೇರವಾಗಿ ನಿಲ್ಲಿಸಿದಳು.