ರೊಟ್ಟಿಯ ಪುಟ

ಪಾದ್ರಿಗಳು ಪುಸ್ತಕದ ನಾಲ್ಕನೆಯ ಪ್ರತಿಯನ್ನೂ ಅಚ್ಚುಮನೆಯ ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನಕ್ಕರು.

"ಕೆಲಸ ಚೆನ್ನಾಗೇ ಮಾಡಿದೀಯ, ಮಗಳೇ. ಆದ್ರೆ ನಿಮ್ಮಪ್ಪ ಇನ್ನೂ ಒಳಗಿಂದ ಇಣುಕ್ತಾ ಇದಾನಲ್ಲ!"

 ಅಪ್ಪನ ಹೆಸರಿನ ಮೇಲೆ ಓರ್ಸೋಲಾ ಗರಿಯ ಲೇಖನಿಯಿಂದ ಬಳಿದಿದ್ದ ಬರವಣಿಗೆಯ ಶಾಯಿ ಒಣಗಿ ಮಂಕಾಗಿತ್ತು. ಅದರಡಿಯಲ್ಲಿ ಎಣ್ಣೆಶಾಯಿಯ ಅಚ್ಚಕ್ಷರಗಳು ಮೀನಿನ ಬೆನ್ನಿನಂತೆ ಹೊಳೆಯುತ್ತಿದ್ದವು: ಜೆರೋನಿಮೊ ಬ್ರೆಸ್ಸಾನ್. ಮೂವತ್ತು ವರ್ಷ ವೆನಿಸ್ಸಿನ ಹಡಗುಕಟ್ಟೆಯಲ್ಲಿ ಕೂತು, ತುರ್ಕಿ ಖಲಾಸಿಗಳು, ಅರಬ್ ವರ್ತಕರು, ಸ್ಲಾವ್ ಅಂಬಿಗರ ಬಾಯಿಂದ ಒಂದೊಂದೇ ಪದ ಆಯ್ದು ನಾಲ್ಕು ಭಾಷೆಗಳ ನಿಘಂಟು ಕಟ್ಟಿದವನು. ಬೈಬಲ್ಲಿನ ಸುವಾರ್ತೆಯನ್ನು ಮೀನುಪೇಟೆಯ ಮಾತಿಗೆ ತಂದ ತಪ್ಪಿಗೆ ಮೂರು ವರ್ಷ ಸೆರೆಯಲ್ಲಿದ್ದು, ಕಣ್ಣು ಕಳೆದುಕೊಂಡು ಮನೆಗೆ ಬಂದವನು.

ಅವನು ಅನುವಾದಿಸಿದ್ದನ್ನೆಲ್ಲ ಚರ್ಚಿನವರು ಸುಟ್ಟುಹಾಕಿದ್ದರು. ನಿಘಂಟು ವರ್ತಕರಿಗೆ ಬೇಕಾದ್ದರಿಂದ ಅದೊಂದಕ್ಕೆ ವಿನಾಯಿತಿ. ಹೆಸರಿಗೆ ಮಸಿ ಬಳಿದರೆ ಪುಸ್ತಕ ಉಳಿಯುತ್ತದೆ.

"ನಾಳೆ ಮಧ್ಯಾಹ್ನದ ಗಂಟೆಗೆ ಬರ್ತೀನಿ. ನೂರೆಂಬತ್ತು ಪ್ರತೀಲಿ ಎಲ್ಲೇ ಒಂದು ಕಡೆ ಆ ಹೆಸರು ಕಂಡ್ರೂ ಅಷ್ಟೂ ಬೆಂಕಿಗೆ." ಪಾದ್ರಿಗಳು ಮುದ್ರಕ ಜುವಾನ್ ಕಡೆ ತಿರುಗಿದರು. "ನಿನ್ನ ಯಂತ್ರಾನೂ ಮರದ್ದೇ ಅಲ್ವೇನಪ್ಪ? ಚೆನ್ನಾಗಿ ಉರಿಯುತ್ತೆ."

ಅವರು ದೋಣಿ ಹತ್ತಿದ ಮೇಲೆ ಜುವಾನ್ ಬಾಗಿಲ ಚಿಲಕ ಹಾಕಿ ಬಂದ.

"ಅಚ್ಚುಮನೇಲಿ ಬೆಳೆದೋಳು ನೀನು. ಎಣ್ಣೆಶಾಯಿ ಮೇಲೆ ನೀರುಶಾಯಿ ನಿಲ್ಲಲ್ಲ ಅಂತ ಗೊತ್ತಿಲ್ದೆ ಬಳಿದ್ಯಾ?"

"ಗೊತ್ತಿತ್ತು, ಮಾವ."

"ಹೆಸರು ಬೇಕಾ, ಪುಸ್ತಕ ಬೇಕಾ? ಎರಡೂ ಕೇಳ್ಬೇಡ. ನಿಮ್ಮಪ್ಪನೂ ಹೀಗೇ ಎರಡೂ ಬೇಕು ಅಂದ. ಏನು ಸಿಕ್ತು?"

ಈ ಸಲ ಅಚ್ಚಿನ ಶಾಯಿಯನ್ನೇ ಕಲ್ಲಿನ ಮೇಲೆ ಹರಡಿದರು. ಉಣ್ಣೆ ತುಂಬಿದ ಚರ್ಮದ ಸಣ್ಣ ಉಂಡೆಯಿಂದ ಅವಳು ಒತ್ತುತ್ತ ಹೋದಳು, ಅವನು ಹಾಳೆ ತಿರುಗಿಸುತ್ತ ಹೋದ. ಮುಖಪುಟ, ಮುನ್ನುಡಿಯ ಕೊನೆ. ಮುಖಪುಟ, ಮುನ್ನುಡಿಯ ಕೊನೆ. ಮರುದಿನ ಬೆಳಿಗ್ಗೆ ಅದರ ಮೇಲೇ ಎರಡನೆಯ ಸಲ ಒತ್ತಿ ಮುಗಿಸುವಾಗ ಅವಳ ಮೊಣಕೈವರೆಗೂ ಕಪ್ಪು.

"ಮುಗೀತು," ಎಂದು ಜುವಾನ್ ಕೈ ಒರೆಸಿಕೊಂಡ. "ಎರಡೇ ಜಾಗ ತಾನೆ?"

ಮೂರನೆಯದೊಂದಿತ್ತು. ಅದು ಅವಳಿಗೆ ಮಾತ್ರ ಗೊತ್ತು; ಕರಡು ತಿದ್ದಿದವಳು ಅವಳೇ. ಒಳಗೆ, ರೊಟ್ಟಿ ಎಂಬ ಪದದ ಕೆಳಗೆ, ಬಳಕೆ ತೋರಿಸಲು ಅಪ್ಪ ಬರೆದ ವಾಕ್ಯ: 'ಓರ್ಸೋಲಾ ಜೆರೋನಿಮೊನಿಗೆ ರೊಟ್ಟಿ ತಂದಳು.' ನಾಲ್ಕು ಭಾಷೆಗಳಲ್ಲಿ ನಾಲ್ಕು ಸಲ. ಅಪ್ಪ ಅದನ್ನು ಬರೆದಾಗ ಅವಳಿಗೆ ಒಂಬತ್ತು ವರ್ಷ. ಆರುನೂರು ಪುಟಗಳ ಪುಸ್ತಕದಲ್ಲಿ ರೊಟ್ಟಿಯನ್ನು ಹುಡುಕುವವರು ಯಾರು?

ಜುವಾನ್ ಯಂತ್ರದ ಹತ್ತಿರ ಹೋಗಿ, ಹಸುವಿನ ಮೈ ಸವರುವ ಹಾಗೆ ಅದರ ಕಂಬವನ್ನು ಸವರಿದ. "ಬದುಕಿದ್ವಿ ಕಣೆ," ಎಂದು ಅದಕ್ಕೇ ಹೇಳಿದ.

"ಮಾವ," ಎಂದಳು ಓರ್ಸೋಲಾ. "ಇನ್ನೊಂದಿದೆ."

ವಾಕ್ಯ ಓದಿ ಜುವಾನ್ ತಲೆ ಚಚ್ಚಿಕೊಂಡ. "ಅಯ್ಯೋ ಮುದಿಗೂಬೆ! ರೊಟ್ಟಿ ತಿನ್ನೋಕೆ ಊರಲ್ಲಿ ಬೇರೆ ಹೆಸರಿನೋರು ಸಿಗ್ಲಿಲ್ವಾ ಇವನಿಗೆ?" ನಗಲು ಹೋಗಿ ಅವನ ಮುಖ ಸೊಟ್ಟಗಾಯಿತು. ಉಂಡೆಯನ್ನು ಅವಳ ಕೈಯಿಂದ ತೆಗೆದುಕೊಳ್ಳಲು ನೋಡಿದ. ಅವಳು ಕೊಡದೆ ತಾನೇ ಒತ್ತಿದಳು.

ಮಧ್ಯಾಹ್ನದ ಗಂಟೆಗೆ ಪಾದ್ರಿಗಳು ಬಂದರು. ಮುಖಪುಟಗಳನ್ನು ಬೆಳಕಿಗೆ ಹಿಡಿದು ನೋಡಿದರು, ಮುದ್ರೆ ಒತ್ತಿದರು, ಹೋದರು. ಒಳಗಿನ ಒಂದು ಹಾಳೆಯನ್ನೂ ಅವರು ತಿರುವಲಿಲ್ಲ.

ಅಂಚು ಹರಿದ ಒಂದು ಪ್ರತಿಯನ್ನು ಜುವಾನ್ ಅವಳ ಕಂಕುಳಿಗೆ ತುರುಕಿದ. ದಾರಿಯಲ್ಲಿ ಅವಳು ರೊಟ್ಟಿ ಕೊಂಡಳು.

ಅಪ್ಪ ಕಿಟಕಿಯ ಬಳಿ ಕೂತಿದ್ದ. ಪುಸ್ತಕವನ್ನು ಅವಳು ಮಡಿಲಲ್ಲಿ ಇಟ್ಟದ್ದೇ ಅದರ ತೂಕ ನೋಡಿದ, ಮೂಸಿದ. ಕಾಗದಕ್ಕೆ ಕಚ್ಚಿಕೊಂಡ ಅಚ್ಚಿನ ತಗ್ಗುಗಳನ್ನು ಅವನ ಬೆರಳು ಓದಬಲ್ಲದು. ಮುಖಪುಟದಲ್ಲಿ ಬೆರಳು ಹಸಿ ಮಸಿಗೆ ಜಾರಿತು.

"ಹಚ್ಚಬೇಕಾದ ಹಾಗೇ ಹಚ್ಚಿದೀಯ," ಎಂದ. "ದಪ್ಪಗಿದೆ."

ಆಮೇಲೆ ಹಾಳೆಗಳ ದಪ್ಪ ಅಳೆಯುತ್ತ ಒಳಗೆ ಹೋದ. ಒಂದು ಕಡೆ ನಿಂತು, ಹಿಂದೆ ಎರಡು ಹಾಳೆ ಸರಿದು, ಪುಟದ ಬಲಗಡೆ ಕೆಳಕ್ಕೆ ಬೆರಳಿಳಿಸಿದ. ಎಲ್ಲಿಗೆಂದು ಅವಳಿಗೆ ಗೊತ್ತಾಯಿತು. ತಡೆಯಲು ಕೈ ಎತ್ತಿದಳು, ಅಷ್ಟರಲ್ಲಿ ಬೆರಳು ತಲುಪಿತ್ತು.

"ಇಲ್ಲೂನಾ?"

"ಹೂಂ, ಅಪ್ಪ."

"ಅವರು ಕೇಳಿದ್ರಾ?"

"ಇಲ್ಲ. ನಾನೇ."

ಕೆಳಗೆ ಕಾಲುವೆಯಲ್ಲಿ ಯಾರೋ ಅಂಬಿಗ ಇನ್ನೊಬ್ಬನಿಗೆ ಬೈಯುತ್ತಿದ್ದ. ಅಪ್ಪ ಅಭ್ಯಾಸದಂತೆ ಆ ಬೈಗುಳಕ್ಕೆ ಕಿವಿಗೊಟ್ಟು, ಅದು ಮುಗಿದ ಮೇಲೆ ಕೇಳಿದ, "ನಿನ್ನ ಹೆಸರು?"

"ಅದಿದೆ."

ಅವನು ತಲೆಯಾಡಿಸಿ ಕೈ ಚಾಚಿದ. ಅವಳು ರೊಟ್ಟಿ ಕೊಟ್ಟಳು. ಅವನು ಅದನ್ನು ಮುರಿದು ದೊಡ್ಡ ಪಾಲನ್ನು ಅವಳ ಕಡೆ ನೀಡಿದ. ಬಿಳಿಯ ತಿರುಳಿನ ಮೇಲೆ ಅವನ ಬೆರಳುಗಳ ಗುರುತು ಕಪ್ಪಗೆ, ಗೆರೆಗೆರೆಯಾಗಿ ಮೂಡಿತ್ತು. ಅವಳು ಅದನ್ನು ಕೆರೆದು ತೆಗೆಯಲಿಲ್ಲ. ಹಾಗೇ ಬಾಯಿಗಿಟ್ಟು ನಿಧಾನವಾಗಿ ಅಗಿಯತೊಡಗಿದಳು.