ಪಾರಿವಾಳ, ಹಗ್ಗ, ಕಲ್ಲಂಗಡಿ

೧
ಎಲ್ಲಿಂದ ಶುರು ಮಾಡಲಿ? ಕೈರೋದ ಟ್ರಾಫಿಕ್ಕಿನಿಂದ ಶುರು ಮಾಡಿದ್ದೆ, ಹರಿದು ಹಾಕಿದೆ. ನಮ್ಮ ಮನಶ್ಶಾಸ್ತ್ರ ಪ್ರಯೋಗಾಲಯದಿಂದಲೇ ಆಗಲಿ. ಅಲ್ಲಿ ನಾನು ಜನರಿಗೆ ಮೂರು ಪದ ತೋರಿಸುತ್ತೇನೆ: ಹಿಟ್ಟು, ಒಲೆ, ಕ್ಯೂ. ಮೂರನ್ನೂ ಬೆಸೆಯುವ ನಾಲ್ಕನೆಯ ಪದ ರೊಟ್ಟಿ (ಕೈರೋದಲ್ಲಿ ರೊಟ್ಟಿಗೂ ಕ್ಯೂ ನಿಲ್ಲಬೇಕು). ಅರ್ಧದಷ್ಟು ಒಗಟುಗಳಿಗೆ ಉತ್ತರವೇ ಇಲ್ಲ. ಅವುಗಳ ಪದಗಳನ್ನು ಚೀಟಿ ಎತ್ತಿ, ಬಂದಂತೆ ಜೋಡಿಸಿದವಳು ನಾನೇ. ಉತ್ತರ ಹೊಳೆಯದಿದ್ದರೂ 'ಇದೆ' ಅಥವಾ 'ಇಲ್ಲ' ಗುಂಡಿ ಒತ್ತಬೇಕು. ಹೊಳೆಯುವ ಮೊದಲೇ ಮನಸ್ಸಿಗೆ ಗೊತ್ತಿರುತ್ತದೆಯೇ ಎಂಬುದು ನನ್ನ ಪಿಎಚ್‌ಡಿ. (ಬೋರಾಯಿತೆ? ನನ್ನ ತಾಯಿಗೂ ಆಗಿದೆ.)

೨
ಪಾರಿವಾಳ, ಹಗ್ಗ, ಕಲ್ಲಂಗಡಿ. ಇದು ಉತ್ತರವಿಲ್ಲದ ಗುಂಪಿನದು. ಆದರೂ ನಲವತ್ತು ಜನರಲ್ಲಿ ಮೂವತ್ತಾರು ಮಂದಿ 'ಇದೆ' ಒತ್ತಿದರು!

"ನಿನ್ನ ಮುಖಾನೇ ಸುಳಿವು ಕೊಡ್ತಿದೆಯಮ್ಮ," ಎಂದರು ಮಾರ್ಗದರ್ಶಕ ಬಹ್ಗತ್ ಸರ್. "ಉಳಿದದ್ದನ್ನ ಹೇಗೆ ನಂಬಲಿ? ಎಲ್ಲಾ ಮೊದಲಿಂದ ಮಾಡು."

ಎರಡು ವರ್ಷದ ದುಡಿಮೆ ನೀರುಪಾಲು. ಇಲ್ಲಿ ನಾಯಕಿ ಅಳುತ್ತಾಳೆ ಎಂದು ಬರೆದು ಹೊಡೆದುಹಾಕಿದ್ದೇನೆ. (ಅತ್ತದ್ದು ನಿಜ.)

೩
ಮೊದಲೇ ಸಮಯ ಕೊಟ್ಟಿದ್ದರಿಂದ ನಲವತ್ತೊಂದನೆಯವರಾಗಿ ಬಂದವರು ಇನ್ಸಾಫ್ ಅಜ್ಜಿ. ಶಾಲೆಯ ಯೂನಿಫಾರ್ಮ್ ಹೊಲಿದೇ ಕೂದಲು ನೆರೆತವರು. ಅವರೂ 'ಇದೆ' ಒತ್ತಿದರು.

"ಇದಕ್ಕೆ ಉತ್ತರ ಇಲ್ಲ ಅಜ್ಜಿ," ಎಂದೆ, ಎಲ್ಲ ಮುಗಿದ ಮೇಲೆ.

"ಇದೆ ಕಣೇ ಡಾಕ್ಟರಮ್ಮ, ನಾಲಿಗೆ ತುದೀಲಿದೆ. ಇಲ್ಲ ಅನ್ನೋಕೆ ನೀನ್ಯಾರು?"

"ಚೀಟಿ ಎತ್ತಿದವಳು."

"ಎತ್ತಿದ್ರೆ ಆಯ್ತಾ?"

ಮರುದಿನ ಬೆಳಿಗ್ಗೆ ಫೋನು. "ಏ ಹುಡುಗಿ! ಬಟ್ಟೆ ಒಣಗ್ಹಾಕೋಕೆ ಬಂದಿದ್ದೆ. ಪಕ್ಕದಲ್ಲೇ ಪಾರಿವಾಳದ ಗೂಡು, ತಲೆ ಮೇಲೆ ಹಗ್ಗ, ಕಾಲ ಕೆಳಗೆ ಮೊಮ್ಮಕ್ಕಳು ತಿಂದೆಸೆದ ಕಲ್ಲಂಗಡಿ ಸಿಪ್ಪೆ. ತಾರಸಿ ಕಣೇ, ತಾರಸಿ!"

ಹುಟ್ಟಿದಂದಿನಿಂದ ನೆಲಮಾಳಿಗೆಯ ಮನೆಯಲ್ಲಿರುವ ನನಗೆ ಅದು ಹೊಳೆದಿರಲೇ ಇಲ್ಲ. ಆ ಮೂವತ್ತಾರು ಜನರ ಮನಸ್ಸು ಸರಿಯಾಗಿಯೇ ಇತ್ತು. ನನ್ನ ಪ್ರಯೋಗ ಗೆದ್ದಿತ್ತು, ತಪ್ಪಿದ್ದವಳು ನಾನು.

೪
ಅಂತ್ಯ ಒಂದು: ಬಹ್ಗತ್ ಸರ್ ಕ್ಷಮೆ ಕೇಳಿದರು. (ಅವರನ್ನು ಬಲ್ಲವರು ನಗುತ್ತಾರೆ, ಬೇಡ.)

ಅಂತ್ಯ ಎರಡು: ಸರ್ ಮೂರೂ ಪದಗಳನ್ನು ಮತ್ತೊಮ್ಮೆ ಓದಿ, "ಕಲ್ಲಂಗಡೀನ ನಾವೂ ತಾರಸೀಲೇ ತಿಂತಿದ್ವಿ," ಎಂದರು. ಆ ಒಗಟನ್ನು ಉತ್ತರವಿರುವ ಗುಂಪಿಗೆ ಸೇರಿಸಿ, ಮುಂದುವರಿಸು ಎಂದರು.

ಪ್ರಬಂಧದ ಮೊದಲ ಪುಟದಲ್ಲಿ ಬರೆದೆ: ನಲವತ್ತೊಂದನೆಯವರಿಗೆ ಕೃತಜ್ಞತೆಗಳು. ಓದಿ ಹೇಳಿದಾಗ ಅಜ್ಜಿ ರೇಗಿದರು.

"ನಲವತ್ತೊಂದಾ? ನಾನೇನು ಬಸ್ಸೇನೇ?"

"ಭಾಗವಹಿಸಿದವರ ಹೆಸರು ಹಾಕೋ ಹಾಗಿಲ್ಲ ಅಜ್ಜಿ. ನಿಯಮ."

"ಕಥೇಲಾದ್ರೂ ಹಾಕು."

"ಅಲ್ಲೂ ಇಲ್ಲ." (ಓದುಗರೇ, ಇನ್ಸಾಫ್ ಅವರ ಹೆಸರಲ್ಲ.)

"ಹಂಗಾದ್ರೆ ಕಥೆ ಮುಗಿಸ್ಬೇಡ, ಹೋಗು!"

ಮುಗಿಸುತ್ತಿಲ್ಲ. ಅಜ್ಜೀ, ನಾನೇ ನನ್ನನ್ನು ನಂಬದಿದ್ದಾಗ ನೀವು ನಿಮ್ಮ ಮನಸ್ಸನ್ನು ನಂಬಿದಿರಿ, ನಾನು ಉಳಿದೆ. ಎಷ್ಟು ಸಲ ಥ್ಯಾಂಕ್ಸ್ ಹೇಳಿದರೂ ಸಾಲದು. ನಿಯಮ ಬದಲಾಗುವವರೆಗೆ ಈ ಜಾಗ ನಿಮ್ಮ ಹೆಸರಿಗೆ ಇರಲಿ:

____________