ನಿಕಾನೋರನ ತೋಳಿನ ಗಂಟು

ಬೇಕರ್ಸ್‌ಫೀಲ್ಡ್ ಸುತ್ತಿನ ಬಾದಾಮಿ ತೋಟಗಳಲ್ಲಿ ನಾನೂ ನಿಕಾನೋರನೂ ಒಟ್ಟಿಗೆ ದುಡಿದವರು. ಹರೆಯದಲ್ಲಿ ಅವನು ಒಂದು ಚಳಿಗಾಲ ಪೂರ್ತಿ ಕೆಮ್ಮಿ ರಕ್ತ ಕಾರಿದ. ಕ್ಷಯ ಅಂದರು ಜನ. ವಾಸಿಯಾಯಿತು. ಆದರೆ ಅವನಕ್ಕ ಚೋಲೆ, ರೋಗ ಅಂಟೀತೆಂದು ಆಗ ಬೇರೆ ಮಾಡಿಟ್ಟ ನೀಲಿ ಲೋಟ, ಅವನು ಮುದುಕನಾದರೂ ಬೇರೆಯಾಗಿಯೇ ಉಳಿಯಿತು. ಊಟ ಅವಳ ಮನೆಯಲ್ಲೇ, ಲೋಟ ಮಾತ್ರ ಕಿಟಕಿಯ ಮೇಲೆ. ಅವನು ಅದರ ಮಾತೆತ್ತಿದವನಲ್ಲ.

ಈ ಸಲ ಕೊಯ್ಲು ಮುಗಿದ ಮೇಲೆ ಪ್ರಯೋಗಶಾಲೆಯ ಹುಡುಗಿ ಇಟ್ಸೆಲ್ ಬಂದಳು. ನಮ್ಮ ಮಣ್ಣಿನ ಧೂಳಿನಲ್ಲಿ ಒಂದು ಬೂಷ್ಟು ಇದೆಯಂತೆ, ಉಸಿರಿಗೆ ಹೋದರೆ ಕ್ಷಯದ ಹಾಗೇ ಕೆಮ್ಮು. ಅದರ ಪ್ರೋಟೀನುಗಳನ್ನು ಒಂದೊಂದಾಗಿ ಬಿಡಿಸಿ, ಯಾವುದನ್ನು ಕಂಡರೆ ಮೈ ಕಾದಾಟಕ್ಕೆ ಏಳುತ್ತದೆ ಎಂದು ಹುಡುಕುತ್ತಿದ್ದಳು. ತೋಳಿಗೆ ಚುಚ್ಚಿದ ಜಾಗ ಊದಿದರೆ ಮೈ ಅದನ್ನು ಗುರುತಿಸಿತೆಂದು ಲೆಕ್ಕವಂತೆ. ನಿಕಾನೋರ ತಾನಾಗಿ ತೋಳು ಚಾಚಿದ.

"ಊದಿದ್ರೆ ನಂದು ಕ್ಷಯ ಅಲ್ಲ ಅಂತ ತಾನೆ, ತಾಯಿ?"

"ಅಷ್ಟು ಗಟ್ಟಿಯಾಗಿ ಹೇಳಕ್ಕಾಗಲ್ಲ ತಾತ. ನಿಮ್ಮ ಮೈ ಈ ಬೂಷ್ಟನ್ನ ಹಿಂದೆ ಕಂಡಿದೆ ಅನ್ನಬಹುದು."

"ನಂಗಷ್ಟು ಸಾಕು."

ತೋಳಿನುದ್ದಕ್ಕೆ ಸಾಲಾಗಿ ಚುಚ್ಚಿ, ಒಂದೊಂದು ಚುಚ್ಚಿಗೆ ಒಂದೊಂದು ಪ್ರೋಟೀನು ಬಿಟ್ಟು, ನಾಡಿದ್ದು ಬರುತ್ತೇನೆಂದು ಹೋದಳು. ಚೋಲೆ ಆಗ ಇಗರ್ಜಿಗೆ ಹೋಗಿದ್ದಳು.

ನಾಡಿದ್ದು ನಾನು ಹೋದರೆ ಅವನ ತೋಳಿಗೆ ಸುಟ್ಟ ಪಾಪಾಸುಕಳ್ಳಿಯ ಹೋಳು ಕಟ್ಟಿತ್ತು.

"ಏನಕ್ಕ ಇದು!"

"ಕೆಂಪಗೆ ಊದಿತ್ತು ಕಣೋ. ನಾನೇ ಕಟ್ಟಿ ಇಳಿಸಿದೆ."

"ಅದು ಊದಬೇಕಿತ್ತಲ್ಲೇ ಅಕ್ಕ!"

"ಊದಬೇಕಿತ್ತಂತೆ! ನೀನು ಬಾದಾಮಿ ಮರ ಅಲುಗಿಸ್ಕೊಂಡಿರು, ಮದ್ದಿನ ವಿಚಾರ ನನಗೆ ಬಿಡು."

ನಿಕಾನೋರ ಒಮ್ಮೆ ಕಿಟಕಿಯ ಕಡೆ ನೋಡಿದ, ಅಷ್ಟೆ.

ಇಟ್ಸೆಲ್ ಬಂದು ಕಟ್ಟು ಬಿಚ್ಚಿ ಲೋಳೆ ತೊಳೆದಳು. ಕೆಂಪು ಎಲ್ಲೂ ಇರಲಿಲ್ಲ. ಬೈಯಲಿಲ್ಲ ಹುಡುಗಿ, ಕಣ್ಣು ಮುಚ್ಚಿ ಅವನ ತೋಳಿನ ಮೇಲೆ ಬೆರಳ ತುದಿಯನ್ನು ಮೆಲ್ಲಗೆ ಎಳೆದುಕೊಂಡು ಹೋದಳು. ಮೂರನೆಯ ಚುಚ್ಚಿನ ಮೇಲೆ ಬೆರಳು ನಿಂತಿತು.

"ಕೆಂಪು ಹೋಗಿದೆ, ಗಂಟು ಹೋಗಿಲ್ಲ. ನಮಗೆ ಬೇಕಾದ್ದು ಗಂಟೇ. ಬೂಷ್ಟಿನ ಈ ಒಂದು ಪ್ರೋಟೀನನ್ನ ನಿಮ್ಮ ಮೈ ಮರೆತಿಲ್ಲ ತಾತ."

ಚೋಲೆ ಹತ್ತಿರ ಬಂದು ತಾನೂ ಮುಟ್ಟಿ ನೋಡಿದಳು.

"ಈ ಬೂಷ್ಟಿನ ಕೆಮ್ಮು ಅಂಟುತ್ತೇನೇ?"

"ಇಲ್ಲ ಅಜ್ಜಿ. ಮಣ್ಣಿಂದ ಬರೋದು, ಕೆಮ್ಮಿದ್ರೆ ಇನ್ನೊಬ್ಬರಿಗೆ ದಾಟಲ್ಲ."

ಚೋಲೆ ಒಳಗೆ ಹೋದವಳು ಬಹಳ ಹೊತ್ತು ಬರಲಿಲ್ಲ. ಬಂದಾಗ ಕೈಯಲ್ಲಿ ನೀಲಿ ಲೋಟ, ಅದರ ತುಂಬ ಕಾಫಿ. ನಮ್ಮೆಲ್ಲರ ಮುಂದೆ ತಾನೊಂದು ಗುಟುಕು ಕುಡಿದು ಲೋಟವನ್ನು ತಮ್ಮನ ಕೈಗಿಟ್ಟಳು.

"ಸಕ್ಕರೆ ಕಮ್ಮಿಯಾಗಿದೆ," ಅಂದಳು.

ನಿಕಾನೋರ ಅದೇ ಅಂಚಿಗೆ ಬಾಯಿಟ್ಟು ಕುಡಿದ.

"ಸರಿಯಾಗೇ ಇದೆ ಬಿಡಕ್ಕ."